ಹಗೇವು, ಹೊಗೆ ಮತ್ತು ಹಸಿರು ಮನೆ

‘ಪರಿಸರಸ್ನೇಹಿ ಕುಟುಂಬ’ ಎಂಬ ಮಾತು ಈಗ ನಮ್ಮ ಇಂಡಿ, ಸಿಂದಗಿಗಳ ಮಹಿಳಾ ಮಂಡಳದ ಸಭೆಗಳಿಗೂ ಬಂದಿದೆ. ಭಾಷಣ ಮಾಡುವವರು ತಪ್ಪದೆ ಒಂದು ಮಾತು ಹೇಳುತ್ತಾರೆ: ನಮ್ಮ ಅಜ್ಜಿ, ಮುತ್ತಜ್ಜಿಯರು ಹೀಗೇ ಬದುಕಿದ್ದರು, ಅವರ ಮನೆಯಲ್ಲಿ ಪ್ಲಾಸ್ಟಿಕ್ ಇರಲಿಲ್ಲ, ಕಸ ಇರಲಿಲ್ಲ, ನಾವೂ ಹಿಂದಕ್ಕೆ ಹೋಗೋಣ ಎಂದು. ಕೇಳಲು ಇಂಪಾದ ಮಾತು. ಆದರೆ ಹಿಂದಕ್ಕೆ ಎಂದರೆ ಎಲ್ಲಿಗೆ? ಆ ಮನೆಯನ್ನು ಯಾರು ಹಾಗೆ ನಡೆಸುತ್ತಿದ್ದರು, ಅದಕ್ಕೆ ಯಾರು ಬೆಲೆ ಕೊಟ್ಟರು? ಇದನ್ನು ಕೇಳದೆ ಹಿಂದಕ್ಕೆ ಹೊರಟರೆ ದಾರಿಯಲ್ಲಿ ಮೊದಲು ಬೆನ್ನು ಮುರಿಯುವುದು ಮನೆಯ ಹೆಣ್ಣುಮಗಳದ್ದೇ.

ನಮ್ಮ ಸೀಮೆ ಹೇಗಿದೆ ಎಂದು ಮೊದಲು ನೆನೆಯಬೇಕು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಉಪ್ಪು ನೀರಿನ ಡೋಣಿ. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಇದು ಬರದ ಜಿಲ್ಲೆ. ಬೆಂಗಳೂರು, ಮಲೆನಾಡಿನವರಿಗೆ ಹೇಳಿದರೆ ನಂಬುವುದಿಲ್ಲ. ಕಾಡು ಎಂಬುದು ನಮ್ಮಲ್ಲಿ ಹೆಸರಿಗೆ ಮಾತ್ರ. ಜಿಲ್ಲೆಯ ನೆಲದಲ್ಲಿ ನೂರಕ್ಕೆ ಒಂದು ಪಾಲೂ ಇಲ್ಲ. ಇರುವುದು ಎರಿ ಭೂಮಿ. ಮುಂಗಾರು ಕೈಕೊಟ್ಟರೂ ಹಿಂಗಾರಿನ ಹಸಿಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಬಿಳಿಜೋಳ ಕೊಡುವ ಮಣ್ಣು. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹಿರಿಯರು ಹೇಳುತ್ತಿದ್ದುದು ಈ ಮಣ್ಣನ್ನು ನಂಬಿಯೇ. ಹರಿಯದ ವರ್ಷ ಏನು ಎಂಬುದನ್ನು ಗಾದೆ ಹೇಳುವುದಿಲ್ಲ.

ಹರಿಯದ ವರ್ಷಕ್ಕೆಂದೇ ಇದ್ದದ್ದು ಹಗೇವು. ಇಂದಿನ ಹುಡುಗಿಯರಿಗೆ ಈ ಶಬ್ದವೇ ಹೊಸದು. ಗಟ್ಟಿ ನೆಲ ನೋಡಿ ತೋಡಿದ ನೆಲಮಾಳಿಗೆಯಂಥ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಅಗಲ. ಒಳಗೆ ಸುತ್ತಲೂ ಜೋಳದ ಕಣಿಕೆ, ಹೊಟ್ಟು ಹಾಸಿ ಒಣಗಿದ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ಹಾಗೆ ಮುಚ್ಚಿದ ಜೋಳ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಕಾರಣ ಸರಳವಾಗಿದೆ. ಕಾಳೂ ಉಸಿರಾಡುತ್ತದೆ. ಗಾಳಿ ಆಡದ ಗುಂಡಿಯಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಅದರಲ್ಲಿ ಹುಳು ಬದುಕುವುದಿಲ್ಲ. ಮನುಷ್ಯನೂ ಬದುಕುವುದಿಲ್ಲ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ದೀಪ ಆರದಿದ್ದರೆ ಮಾತ್ರ ಇಳಿಯುವುದು. ಮುಲಾಮು ಇಲ್ಲ, ಗುಳಿಗೆ ಇಲ್ಲ, ಕರೆಂಟು ಇಲ್ಲ. ಇಂದಿನ ಭಾಷೆಯಲ್ಲಿ ಹೇಳಿದರೆ ಇದಕ್ಕಿಂತ ಹಸಿರಾದ ಉಗ್ರಾಣ ಇನ್ನೊಂದಿಲ್ಲ.

ಆದರೆ ಹಗೇವು ಹೊಲ ಇದ್ದವರ ಮನೆಯ ಮಾತು. ಕೂಲಿಯವರ ಗುಡಿಸಲಿಗೆ ಹಗೇವು ಎಲ್ಲಿಂದ ಬರಬೇಕು? ಅದರ ಉತ್ತರ 1876ರಲ್ಲಿ ಸಿಕ್ಕಿತು. ಆ ವರ್ಷ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಆಗ ನಮ್ಮದು ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ. ಪ್ರಾಂತದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಇದೂ ಒಂದು. ಹತ್ತಿರದ ರೈಲು ಎಂದರೆ ಸೊಲ್ಲಾಪುರ. ಅಲ್ಲಿಂದ ಕಾಳು ಎಳೆದು ತರಬೇಕಾದ ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದವು. ಬರಗಾಲದ ಕಾಮಗಾರಿಗಳಲ್ಲಿ ಹೆಂಗಸರು, ಮಕ್ಕಳು ಕಲ್ಲು ಒಡೆದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕೂಲಿಯನ್ನು ಇಳಿಸಿದ: ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದು ಆಣೆ. ಹೆಣ್ಣಾಳಿಗೆ ಅದಕ್ಕೂ ಕಡಿಮೆ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಕಡಿಮೆಯಾಗಿದ್ದರು. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ.

ನಮ್ಮ ಮನೆಗಳ ಮಿತವ್ಯಯ ಹುಟ್ಟಿದ್ದು ಈ ಭಯದಲ್ಲಿ ಎಂದು ನನಗೆ ತೋರುತ್ತದೆ. ತಟ್ಟೆಯಲ್ಲಿ ತುಣುಕು ರೊಟ್ಟಿ ಉಳಿದರೆ ಸಿಟ್ಟಾಗುತ್ತಿದ್ದ ಅಜ್ಜಿಗೆ ಪರಿಸರದ ಚಿಂತೆ ಇರಲಿಲ್ಲ. ಅವಳ ಅಜ್ಜಿ ಕಂಡ ಬರದ ನೆನಪಿತ್ತು. ತಂಗಳು ರೊಟ್ಟಿ ಮುರಿದು ಒಗ್ಗರಣೆ ಕೊಟ್ಟರೆ ಮುಂಜಾನೆಯ ನಾಷ್ಟಾ. ಉಳಿದದ್ದನ್ನು ಒಣಗಿಸಿದರೆ ಕಟಕ ರೊಟ್ಟಿ. ಅದಕ್ಕೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿ. ವಾರಗಟ್ಟಲೆ ಕೆಡದ ಊಟ, ಬಿಸಿ ಮಾಡುವ ಕೆಲಸವೂ ಇಲ್ಲ. ಹೊಲದಲ್ಲಿಯೂ ಅದೇ ಜಾಣತನ. ಜೋಳದ ನಡುವೆ ಅಕ್ಕಡಿ ಸಾಲುಗಳಲ್ಲಿ ಬೇಳೆಕಾಳು, ಎಣ್ಣೆಕಾಳು. ದನ ನುಗ್ಗದ ಹಾಗೆ ಅಂಚಿಗೆ ಮುಳ್ಳಿನ ಕುಸುಬೆ. ಒಂದು ಹೋದರೆ ಇನ್ನೊಂದು ಕೈಹಿಡಿಯಲಿ ಎಂಬ ಲೆಕ್ಕ.

ಬಟ್ಟೆಯ ವಿಷಯವೂ ಹೀಗೆಯೇ. ಇಳಕಲ್ ಸೀರೆ ಹರಿದರೆ ಅದು ಕೂಸಿನ ತೊಟ್ಟಿಲಿಗೆ ಹೋಗುತ್ತಿತ್ತು, ತೊಟ್ಟಿಲಿನಿಂದ ಕೌದಿಗೆ. ಹಳೆಯ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಒಂದರ ಮೇಲೊಂದು ಹಾಸಿ ದಾರದ ಸಾಲು ಹಾಕಿದ ಕೌದಿ ಇಲ್ಲದ ಮನೆ ನಮ್ಮಲ್ಲಿ ಇರಲಿಲ್ಲ. ಮುದ್ದೇಬಿಹಾಳ ಕಡೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳಂತೂ ತುಂಡು ಬಟ್ಟೆಗೆ ಕನ್ನಡಿ, ಕವಡೆ ಕೂಡಿಸಿ ಅದನ್ನೇ ಸಿಂಗಾರ ಮಾಡಿದರು. ಕೌದಿಯನ್ನು ನಾನು ಮನಸಾರೆ ಹೊಗಳುತ್ತೇನೆ. ಮಧ್ಯಾಹ್ನ ನಾಲ್ಕು ಮಂದಿ ಪಡಸಾಲೆಯಲ್ಲಿ ಕೂತು, ಹರಟುತ್ತ, ನಗುತ್ತ ಹೊಲಿದದ್ದು ಅದು. ಅದರಲ್ಲಿ ದುಡಿಮೆಯೂ ಇತ್ತು, ಬಿಡುವೂ ಇತ್ತು.

ಒಲೆಯನ್ನು ಮಾತ್ರ ಹೊಗಳಲಾರೆ. ಕಾಡಿಲ್ಲದ ಸೀಮೆಯಲ್ಲಿ ಉರುವಲು ಎಂದರೆ ತೊಗರಿಕಟಿಗೆ, ಹತ್ತಿಕಟಿಗೆ, ಜಾಲಿಯ ಕೊಂಬೆ, ಕುಳ್ಳು. ಸೆಗಣಿ ಕಲಸಿ ಕುಳ್ಳು ತಟ್ಟುವುದು, ಒಣಗಿಸುವುದು, ಮಳೆಗೆ ನೆನೆಯದಂತೆ ಒಟ್ಟುವುದು ಎಲ್ಲ ಹೆಣ್ಣಿನ ಕೆಲಸ. ಹೊಲಕ್ಕೆ ಗೊಬ್ಬರವಾಗಬೇಕಾದ ಸೆಗಣಿ ಒಲೆಯಲ್ಲಿ ಉರಿಯುತ್ತಿತ್ತು. ಉರಿದರೂ ಫಲವೇನು? ಹಳೆಯ ಮಣ್ಣಿನ ಒಲೆಯಲ್ಲಿ ಹತ್ತರಲ್ಲಿ ಒಂದು ಪಾಲು ಕಾವು ಮಾತ್ರ ಗಡಿಗೆಗೆ ತಲುಪುತ್ತಿತ್ತು. ಉಳಿದದ್ದು ಗೋಡೆಗೆ, ಗಾಳಿಗೆ, ಹೆಂಗಸಿನ ಕಣ್ಣಿಗೆ. ಮಾಳಿಗೆ ಮನೆಯ ಬೆಳಕಿಂಡಿಯಿಂದ ಎಷ್ಟು ಹೊಗೆ ಹೋದೀತು? ಕೆಮ್ಮುತ್ತಲೇ ರೊಟ್ಟಿ ಬಡಿದು, ಕೆಮ್ಮುತ್ತಲೇ ಮುದುಕಿಯಾದ ಹೆಂಗಸರನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ‘ವಯಸ್ಸಿನ ಕೆಮ್ಮು’ ಎಂದು ಕರೆದು ಸುಮ್ಮನಾಗಿದ್ದೇವೆ.

ಇದನ್ನು ವಿಜ್ಞಾನದ ಪ್ರಶ್ನೆ ಎಂದು ಮೊದಲು ಎತ್ತಿಕೊಂಡವರಲ್ಲಿ ನಮ್ಮ ನಾಡಿನವರೇ ಒಬ್ಬರು, ಅಮೂಲ್ಯ ರೆಡ್ಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭಿಸಿದರು. ಹಳ್ಳಿಗೆ ಒದಗುವ ತಂತ್ರಜ್ಞಾನವೇ ಅದರ ಗುರಿ. ಅವರ ತಂಡ ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಕೂತು ಊರಿನ ಶಕ್ತಿಯೆಲ್ಲ ಎಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿತು. ಪಂಪಿಗಲ್ಲ, ದೀಪಕ್ಕಲ್ಲ, ಬಹುಪಾಲು ಹೋಗುತ್ತಿದ್ದುದು ಅಡುಗೆಯ ಒಲೆಗೆ. ಆ ಉರುವಲನ್ನು, ನೀರನ್ನು ಹೊತ್ತು ತರುವವರು ಹೆಂಗಸರು, ಮಕ್ಕಳು. ಶಕ್ತಿಯ ಲೆಕ್ಕದಲ್ಲಿ ಹೆಣ್ಣಿನ ನಡಿಗೆಯನ್ನೂ ಸೇರಿಸಿದ ಲೆಕ್ಕ ಅದು. ಅದರ ಬೆನ್ನಿಗೆ ಬಂದದ್ದು ಕಡಿಮೆ ಕಟ್ಟಿಗೆ ತಿನ್ನುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ‘ಅಸ್ತ್ರ ಒಲೆ’. 1980ರ ದಶಕದಲ್ಲಿ ಸರಕಾರದ ಯೋಜನೆಯಾಗಿ ಅದು ಹಳ್ಳಿ ಹಳ್ಳಿಗೆ ಹೋಯಿತು. ಆದರೆ ಮೂರು ಪಾತ್ರೆ ಕೂಡಿಸುವ ಆ ಮುಚ್ಚಿದ ಒಲೆ ಮುದ್ದೆ, ಅನ್ನಕ್ಕೆ ಒಗ್ಗಿದಷ್ಟು ನಮ್ಮ ರೊಟ್ಟಿಗೆ ಒಗ್ಗುವಂಥದ್ದಲ್ಲ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಆನಿಸಿ ಉಬ್ಬಿಸಬೇಕಲ್ಲ! ಮನೆಗೆ ಏನಾದರೂ ಹೊಸದು ತರುವ ಮೊದಲು ಅಲ್ಲಿ ಅಡುಗೆ ಮಾಡುವವಳನ್ನು ಕೇಳಬೇಕು ಎಂಬ ಪಾಠ ಇದರಲ್ಲಿದೆ.

ನೀರಿನ ಕಥೆ ಇನ್ನೂ ಹಳೆಯದು. ಆದಿಲಶಾಹಿ ಅರಸರು ರಾಜಧಾನಿಗೆ 1579ರಲ್ಲಿ ಚಾಂದ ಬಾವಡಿ, 1620ರಲ್ಲಿ ತಾಜ ಬಾವಡಿ, 1651ರಲ್ಲಿ ಬೇಗಂ ತಲಾಬ ಕಟ್ಟಿಸಿದರು. ನೆಲದೊಳಗಿನ ಸುರಂಗಗಳಿಂದ, ಮಣ್ಣಿನ ಕೊಳವೆಗಳಿಂದ ಪಟ್ಟಣಕ್ಕೆ ನೀರು ಹರಿಯಿತು. ನಂತರದ ಕಾಲ ಆ ಬಾವಡಿಗಳಿಗೆ ಕಸ ಸುರಿಯಿತು. 2017ರ ಸುಮಾರಿಗೆ ಹೂಳೆತ್ತಿದಾಗಲೇ ಮತ್ತೆ ನೀರು ಕಂಡದ್ದು. ಹಳ್ಳಿಗಳಿಗೆ ಸುರಂಗಗಳಿರಲಿಲ್ಲ, ಹೆಂಗಸಿನ ತಲೆ ಇತ್ತು. ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ. ಹೊತ್ತು ತಂದವಳಿಗೇ ನೀರಿನ ತೂಕ ಗೊತ್ತು. ಅದಕ್ಕೇ ಮುಸುರೆ ನೀರು ಎಮ್ಮೆಗೆ, ಅಕ್ಕಿ ತೊಳೆದ ನೀರು ಸಾರಿಗೆ, ಬಚ್ಚಲ ನೀರು ಹಿತ್ತಿಲ ಕರಿಬೇವಿಗೆ, ನಿಂಬೆಗೆ. ಇಂಡಿಯ ನಿಂಬೆ ಇಂದು ಭೌಗೋಳಿಕ ಸೂಚಿಯ ಗೌರವ ಪಡೆದು ಹೊರದೇಶಕ್ಕೂ ಹೋಗುತ್ತದೆ. ಕಡಿಮೆ ನೀರಿನಲ್ಲಿ ಗಿಡ ಸಾಕುವ ವಿದ್ಯೆ ನಮಗೆ ಹೊಸದಲ್ಲ.

ಬದಲಾವಣೆ ಒಂದೊಂದಾಗಿ ಬಂತು. ಬರದ ಪಾಠದಿಂದ 1884ರಲ್ಲಿ ಗದಗ-ಹೊಟಗಿ ರೈಲು ಬಂತು. ಅದರಲ್ಲಿ ಕಾಳು ಒಳಗೂ ಬಂತು, ಹೊರಗೂ ಹೋಯಿತು. 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರಗಳಲ್ಲಿ ಒಣಬೇಸಾಯದ ಸಂಶೋಧನೆ ನಡೆದು, ಒಡ್ಡು ಹಾಕಿ, ಬೀಜ ತೆಳುವಾಗಿ ಬಿತ್ತಿ, ಪದೇ ಪದೇ ಎಡೆ ಹೊಡೆದು ಹಸಿ ಉಳಿಸುವ ಕ್ರಮ ರೂಪುಗೊಂಡಿತು. ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿತು. ಬೀಸುವ ಪದಗಳು ಹೋದವು ಎಂದು ಪಂಡಿತರು ಮರುಗಿದರು. ಬೀಸುತ್ತಿದ್ದವರು ಯಾರೂ ಮರುಗಲಿಲ್ಲ. ಮುಂದೆ ಪ್ರಧಾನಿಯಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರ ಮೇ ತಿಂಗಳಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅಣೆಕಟ್ಟನ್ನು ನಾಡಿಗೆ ಅರ್ಪಿಸುವ ಹೊತ್ತಿಗೆ ನೂರಕ್ಕೂ ಹೆಚ್ಚು ಹಳ್ಳಿಗಳು, ಬಾಗಲಕೋಟೆಯ ಒಂದು ಭಾಗ ನೀರಿಗೆ ಹೋಗಿದ್ದವು. ಅವುಗಳೊಂದಿಗೆ ಎಷ್ಟೋ ಹಗೇವುಗಳೂ. 2013ರ ಅನ್ನಭಾಗ್ಯ ಬಡವರ ಮನೆಯ ಹಸಿವನ್ನು ನೀಗಿತು, ಜೊತೆಗೆ ಜೋಳದ ಗಂಗಾಳದಲ್ಲಿ ಅಕ್ಕಿಯನ್ನು ತುಂಬಿತು. 2016ರ ಉಜ್ವಲ ಯೋಜನೆಯಲ್ಲಿ ಹೊಗೆಯಿಲ್ಲದ ಒಲೆ ಗುಡಿಸಲಿಗೂ ಬಂತು. ಅದನ್ನು ಪರಿಸರದ ಹೆಸರಿನಲ್ಲಿ ಯಾರಾದರೂ ಹಳಿದರೆ, ಅವರು ಒಂದು ವಾರ ಕುಳ್ಳಿನ ಒಲೆಯ ಮುಂದೆ ಕೂತು ಬರಲಿ ಎಂದಷ್ಟೇ ನನ್ನ ವಿನಂತಿ.

ಆದರೆ ಹೊಗೆ ಪೂರಾ ಹೋಯಿತೇ? ಹಳೆಯ ಬಸವನ ಬಾಗೇವಾಡಿ ತಾಲೂಕಿನ ಕೂಡಗಿಯಲ್ಲಿ ಈಗ 2400 ಮೆಗಾವಾಟ್ ಶಕ್ತಿಯ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆ. ಕಟ್ಟುವಾಗ ರೈತರು ವಿರೋಧಿಸಿದರು. 2014ರ ಜುಲೈನಲ್ಲಿ ಅದು ಗೋಲಿಬಾರಿನವರೆಗೂ ಹೋಯಿತು. ನಾವು ಗುಂಡಿ ಒತ್ತಿದಾಗ ತಿರುಗುವ ಫ್ಯಾನಿಗೆ, ಮಿಕ್ಸರಿಗೆ ಎಲ್ಲೋ ಕಲ್ಲಿದ್ದಲು ಉರಿಯಲೇಬೇಕು. ಒಲೆಯ ಹೊಗೆ ಅಡಿಗೆಮನೆಯಿಂದ ಎದ್ದು ಊರ ಹೊರಗೆ ಹೋಗಿ ನಿಂತಿದೆ, ಅಷ್ಟೇ. ಹಾಗೆಯೇ ಕಸವೂ. ಪ್ಲಾಸ್ಟಿಕ್ ಕೈಚೀಲವನ್ನು ರಾಜ್ಯ ಸರಕಾರ 2016ರಲ್ಲಿಯೇ ನಿಷೇಧಿಸಿತು, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ 2022ರ ಜುಲೈ 1ರಿಂದ ನಿಷೇಧಿಸಿತು. ಸಂತೆಯ ಮರುದಿನ ನಮ್ಮ ಗಟಾರಗಳನ್ನು ನೋಡಿದರೆ ನಿಷೇಧ ಎಷ್ಟು ನಡೆದಿದೆ ಎಂದು ತಿಳಿಯುತ್ತದೆ.

ಹಾಗಾದರೆ ಇಷ್ಟು ಹಳೆಯ ಕಥೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಏನು? ನನ್ನ ಲೆಕ್ಕ ಹೀಗಿದೆ. ಹಳೆಯದರಲ್ಲಿ ಎರಡು ಬಗೆ ಇವೆ. ಒಂದು, ನೆಲದ ಗುಣ ತಿಳಿದು ಮಾಡಿದ ಜಾಣತನ. ಇನ್ನೊಂದು, ಹೆಣ್ಣಿನ ಮೈಯನ್ನು ಸವೆಸಿ ಮಾಡಿದ ಉಳಿತಾಯ. ಮೊದಲನೆಯದನ್ನು ಇಟ್ಟುಕೊಳ್ಳೋಣ. ವಾರದಲ್ಲಿ ಹೆಚ್ಚು ದಿನ ನಮ್ಮ ಎರಿಯ ಜೋಳವನ್ನೇ ಉಣ್ಣುವುದು, ಬಚ್ಚಲ ನೀರಿಗೆ ಒಂದು ನಿಂಬೆಗಿಡ, ಹರಿದ ಬಟ್ಟೆಗೆ ಕೌದಿ, ಹಸಿ ಕಸಕ್ಕೆ ಹಿತ್ತಿಲಲ್ಲಿ ಒಂದು ತಿಪ್ಪೆ, ಸಂತೆಗೆ ಹೊರಟಾಗ ಬಟ್ಟೆಯ ಚೀಲ. ಇವು ಯಾವುವೂ ಬೆನ್ನು ಮುರಿಯುವುದಿಲ್ಲ. ಎರಡನೆಯದನ್ನು ಮಾತ್ರ ಬೀಸುಕಲ್ಲಿನ ಪಕ್ಕದಲ್ಲಿಯೇ ಇರಲು ಬಿಡೋಣ.

ಇನ್ನೊಂದು ಮಾತು. ಹಸಿರು ಮನೆ ಎಂದರೆ ಕಸ ಬೇರ್ಪಡಿಸುವುದು ಅವ್ವ, ಚೀಲ ಹೊಲಿಯುವುದು ಅವ್ವ, ನೀರು ಮಿಗಿಸುವುದು ಅವ್ವ, ಭಾಷಣಕ್ಕೆ ಮಾತ್ರ ಅಪ್ಪ ಎಂದಾದರೆ ಅದು ಹಳೆಯ ಹೊರೆಗೆ ಹೊಸ ಹೆಸರು. ಹಗೇವು ತುಂಬುವ ದಿನ ಮನೆಯ ಗಂಡಸರೇ ಗುಂಡಿಗೆ ಇಳಿಯುತ್ತಿದ್ದರು, ಹೆಂಗಸರು ಕಾಳು ತೂರಿ ಹಸನು ಮಾಡಿ ಕೊಡುತ್ತಿದ್ದರು, ಮಕ್ಕಳು ಕಣಿಕೆ ಹೊತ್ತು ತರುತ್ತಿದ್ದರು. ಎಲ್ಲರೂ ಕೈ ಹಾಕದೆ ಹಗೇವು ತುಂಬುತ್ತಿರಲಿಲ್ಲ. ಈಗಲೂ ಕೆಲಸವನ್ನು ಹಾಗೆಯೇ ಹಂಚಿಕೊಳ್ಳಬಹುದು. ಹಸಿ ಕಸ, ಒಣ ಕಸದ ಎರಡು ಬುಟ್ಟಿಗಳು ಮಕ್ಕಳ ಪಾಲಿಗೆ, ಸಂತೆಯ ಚೀಲ ಯಜಮಾನರ ಪಾಲಿಗೆ. ಇದನ್ನು ಹೇಳಲು ಸಭೆ ಬೇಕಿಲ್ಲ, ಇಂದಿನ ರಾತ್ರಿಯ ಊಟದ ಹೊತ್ತೇ ಸಾಕು.