ಕಾಗದದ ಒಡೆಯರು, ನೇಗಿಲಿನ ಒಡೆಯರು

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ರೈತರನ್ನು ಒಕ್ಕಲೆಬ್ಬಿಸಲು ಕೋರ್ಟಿನ ಮೆಟ್ಟಿಲು ಹತ್ತಿದ್ದರು ಎಂದರೆ ಹಲವರಿಗೆ ಆಶ್ಚರ್ಯವಾದೀತು. ಅವರು ಅಧ್ಯಕ್ಷರಾಗಲು ಆಗ ಇನ್ನೂ ಐದು ವರ್ಷವಿತ್ತು. ಬ್ರಿಟಿಷರ ವಿರುದ್ಧ ಯುದ್ಧ ಗೆದ್ದು ಮನೆಗೆ ಮರಳಿದ್ದ ಈ ಸೇನಾನಿ 1784ರ ಸೆಪ್ಟೆಂಬರ್‌ನಲ್ಲಿ ಬೆಟ್ಟಸಾಲುಗಳನ್ನು ದಾಟಿ, ಪಶ್ಚಿಮ ಪೆನ್ಸಿಲ್ವೇನಿಯಾದ ಮಿಲ್ಲರ್ಸ್ ರನ್ ಎಂಬ ಹಳ್ಳದ ದಂಡೆಗೆ ಬಂದರು. ಅಲ್ಲಿ ಅವರ ಹೆಸರಿನಲ್ಲಿ ಸುಮಾರು 2,800 ಎಕರೆ ಭೂಮಿಯಿತ್ತು. ಆದರೆ ಅದರ ಮೇಲೆ ಬೇರೆಯವರ ಮನೆಗಳಿದ್ದವು, ಬೇಲಿಗಳಿದ್ದವು, ಬೆಳೆಯಿತ್ತು.

ರೈತರ ವಾದ ಸರಳವಾಗಿತ್ತು: ಹತ್ತು ವರ್ಷಗಳಿಂದ ಕಾಡು ಕಡಿದು ಹೊಲ ಮಾಡಿದವರು ನಾವು, ಈ ಯಜಮಾನರು ಇಲ್ಲಿ ಒಂದು ದಿನವೂ ವಾಸವಿರಲಿಲ್ಲ. ವಾಷಿಂಗ್ಟನ್ನರ ವಾದವೂ ಅಷ್ಟೇ ಸರಳ: ರೈತರು ಬರುವ ಮೊದಲೇ ತಮ್ಮ ಪರವಾಗಿ ವಿಲಿಯಂ ಕ್ರಾಫರ್ಡ್ ಭೂಮಿಯನ್ನು ಅಳತೆ ಮಾಡಿದ್ದರು, 1774ರಲ್ಲಿ ವರ್ಜೀನಿಯಾ ಸರ್ಕಾರ ಪಟ್ಟಾ ಕೊಟ್ಟಿತ್ತು. ಜಗಳ ಬೇಡವೆಂದು ರೈತರು ಕೊಳ್ಳಲು ಮುಂದಾದಾಗ ಎಕರೆಗೆ 25 ಷಿಲ್ಲಿಂಗ್ ಎಂದು ಬೆಲೆ ಹೇಳಿದರು. ಮೂರು ವಾರ್ಷಿಕ ಕಂತು, ಜೊತೆಗೆ ಬಡ್ಡಿ. ಇಲ್ಲವಾದರೆ 999 ವರ್ಷಗಳ ಗೇಣಿ. ರೈತರು ಒಪ್ಪಲಿಲ್ಲ, ಕೋರ್ಟಿನಲ್ಲೇ ನೋಡೋಣ ಎಂದರು. 1786ರಲ್ಲಿ ತೀರ್ಪು ಬಂತು. ವಾಷಿಂಗ್ಟನ್ ಗೆದ್ದರು, ರೈತರು ಜಾಗ ಬಿಟ್ಟರು. ಮೊಕದ್ದಮೆ ನಡೆದ ಕೌಂಟಿಗೆ ಆಗಲೇ ವಾಷಿಂಗ್ಟನ್ ಎಂದೇ ಹೆಸರಿಡಲಾಗಿತ್ತು!

ಇದು ಒಬ್ಬ ವ್ಯಕ್ತಿಯ ದುರಾಸೆಯ ಕಥೆಯಷ್ಟೇ ಅಲ್ಲ. ಬ್ಯಾಂಕು, ಕಾರ್ಖಾನೆಗಳು ವಿರಳವಾಗಿದ್ದ ಆ ಕಾಲದಲ್ಲಿ ಹಣವಂತರಿಗೆ ಇದ್ದ ದೊಡ್ಡ ವ್ಯಾಪಾರವೆಂದರೆ ಭೂಮಿ. ಪಶ್ಚಿಮದ ಕಾಡನ್ನು ಅಗ್ಗಕ್ಕೆ ಹಿಡಿದು, ಜನ ನೆಲೆಸಿ ಬೆಲೆ ಏರುವವರೆಗೆ ಕಾಯುವುದು ಅದರ ಗುಟ್ಟು. ಅಂದರೆ ಯಜಮಾನನ ಲಾಭ ಬೆಳೆಯುತ್ತಿದ್ದುದು ಅವನ ದುಡಿಮೆಯಿಂದಲ್ಲ, ಅಲ್ಲಿ ನೆಲೆಸಿದವರ ಬೆವರಿನಿಂದ.

ಇದರ ಜೊತೆಗೆ ದಾಖಲೆಗಳ ಗೊಂದಲ. ಮಿಲ್ಲರ್ಸ್ ರನ್ ಇದ್ದ ಪ್ರದೇಶ ತಮ್ಮದೆಂದು ವರ್ಜೀನಿಯಾ ಮತ್ತು ಪೆನ್ಸಿಲ್ವೇನಿಯಾ ಎರಡೂ ವಾದಿಸುತ್ತಿದ್ದವು. ಕೆಂಟಕಿಯ ಸ್ಥಿತಿ ಇನ್ನೂ ಕೆಟ್ಟದು. ವರ್ಜೀನಿಯಾ 1779ರ ಕಾಯ್ದೆಯಡಿ ಅಲ್ಲಿನ ಭೂಮಿಯನ್ನು ಮೊದಲು ಸರ್ವೆ ಮಾಡಿಸದೆಯೇ ಮಾರಿತು. ಕೊಂಡವನೇ ಜಾಗ ಹುಡುಕಿ ಅಳತೆ ಮಾಡಿಸಿಕೊಳ್ಳಬೇಕು. ಚಕ್ಕುಬಂದಿಗೆ ಆಧಾರ ಒಂದು ಮರ, ಒಂದು ಹಳ್ಳದ ತಿರುವು. ಮರ ಬಿದ್ದರೆ ಗಡಿಯೂ ಹೋಯಿತು! ಹೆಂಚಿನ ಮೇಲೆ ಹೆಂಚು ಹೊದಿಸಿದಂತೆ ಒಂದೇ ನೆಲದ ಮೇಲೆ ಮೂರು ನಾಲ್ಕು ಹಕ್ಕುಗಳು ಕುಳಿತವು.

ಕೆಂಟಕಿಗೆ ದಾರಿ ತೋರಿದ ಡೇನಿಯಲ್ ಬೂನ್ ತಾನು ಹಕ್ಕು ಹೂಡಿದ್ದ ಜಮೀನನ್ನು ಕಳೆದುಕೊಂಡು 1799ರಲ್ಲಿ ಸ್ಪೇನ್ ಆಳ್ವಿಕೆಯ ಮಿಸೌರಿಗೆ ಹೊರಟುಹೋದ. 1816ರಲ್ಲಿ ಕೆಂಟಕಿ ಬಿಟ್ಟ ಇನ್ನೊಬ್ಬ ರೈತ ಥಾಮಸ್ ಲಿಂಕನ್. ಅದಕ್ಕೆ ಗುಲಾಮಗಿರಿ ಒಂದು ಕಾರಣವಾದರೂ ಮುಖ್ಯ ಕಾರಣ ಜಮೀನಿನ ಹಕ್ಕಿನ ತೊಡಕು ಎಂದು ಅವನ ಮಗ ಅಬ್ರಹಾಂ ಲಿಂಕನ್ ಮುಂದೆ ಬರೆದರು.

ಎಲ್ಲರೂ ಊರು ಬಿಡಲಿಲ್ಲ. ಆಗ ಮ್ಯಾಸಚೂಸೆಟ್ಸ್‌ಗೆ ಸೇರಿದ್ದ ಮೈನ್ ಪ್ರದೇಶದಲ್ಲಿ ರೈತರು ಮೂಲನಿವಾಸಿಗಳ ವೇಷ ತೊಟ್ಟು ಸರ್ವೆಯವರನ್ನು ಓಡಿಸಿದರು. 1809ರಲ್ಲಿ ಸರ್ವೆ ತಂಡದ ಒಬ್ಬ ಗುಂಡಿಗೆ ಬಲಿಯಾದ; ಆರೋಪಿಗಳನ್ನು ಜ್ಯೂರಿ ಬಿಡುಗಡೆ ಮಾಡಿತು. ಅದಕ್ಕೆ ಒಂದು ವರ್ಷ ಮೊದಲೇ ಮ್ಯಾಸಚೂಸೆಟ್ಸ್ ಒಂದು ಕಾಯ್ದೆ ತಂದಿತ್ತು: ರೈತನನ್ನು ಬಿಡಿಸುವ ಯಜಮಾನ, ಆತ ಮಾಡಿದ ಅಭಿವೃದ್ಧಿಗೆ ಬೆಲೆ ಕಟ್ಟಿಕೊಡಬೇಕು. ಕೆಂಟಕಿಯಲ್ಲೂ ಇಂಥ ಕಾಯ್ದೆಗಳಿದ್ದವು. ಆದರೆ ಅಮೆರಿಕದ ಸುಪ್ರೀಂ ಕೋರ್ಟು 1823ರಲ್ಲಿ 'ಗ್ರೀನ್ ವಿರುದ್ಧ ಬಿಡ್ಲ್' ಪ್ರಕರಣದಲ್ಲಿ ಕೆಂಟಕಿಯ ಕಾಯ್ದೆಗಳನ್ನು ರದ್ದುಪಡಿಸಿತು. ಕಾಗದವೇ ಮತ್ತೆ ಗೆದ್ದಿತು.

ನೇಗಿಲಿಗೆ ದೇಶದ ಕಾನೂನಿನಲ್ಲಿ ದೊಡ್ಡ ಸ್ಥಾನ ಸಿಗಲು 1841ರವರೆಗೆ ಕಾಯಬೇಕಾಯಿತು. ಸರ್ಕಾರಿ ಭೂಮಿಯಲ್ಲಿ ನೆಲೆಸಿದವನು 160 ಎಕರೆಯನ್ನು ಹರಾಜಿಗೆ ಮೊದಲೇ, ಎಕರೆಗೆ ಒಂದೂಕಾಲು ಡಾಲರ್‌ನಂತೆ ಕೊಳ್ಳಬಹುದೆಂದು ಆ ವರ್ಷದ ಕಾಯ್ದೆ ಹೇಳಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಇನ್ನೂ ಮುಂದೆ ಹೋಗಿ, ಐದು ವರ್ಷ ವಾಸವಿದ್ದು ಸಾಗುವಳಿ ಮಾಡಿದವನಿಗೆ ಅಲ್ಪ ಶುಲ್ಕಕ್ಕೆ ಅಷ್ಟೇ ಭೂಮಿ ಕೊಟ್ಟಿತು.

ಆದರೆ ಈ ವ್ಯಾಜ್ಯಕ್ಕೆ ಮೂರನೆಯ ಪಕ್ಷವೊಂದಿತ್ತು. ಕೆಂಟಕಿ ಶಾನೀ ಜನರ ಬೇಟೆಯ ನೆಲ. ಅದನ್ನು 1768ರ ಒಪ್ಪಂದದಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟವರು ಶಾನೀಗಳಲ್ಲ, ದೂರದ ಇರೋಕ್ವಾ ಒಕ್ಕೂಟದವರು. 1823ರಲ್ಲೇ ಬಂದ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮೂಲನಿವಾಸಿಗಳಿಗೆ ಇರುವುದು ಅನುಭೋಗದ ಹಕ್ಕು ಮಾತ್ರ, ಪೂರ್ಣ ಒಡೆತನವಲ್ಲ ಎಂದಿತು. ಉತ್ತವನದೇ ಭೂಮಿ ಎಂದು ಯಜಮಾನರ ವಿರುದ್ಧ ಎದೆ ಸೆಟೆಸಿ ನಿಂತ ಬಿಳಿಯ ರೈತರೂ ಈ ಮಾತನ್ನು ಪ್ರಶ್ನಿಸಲಿಲ್ಲ. ಶಾನೀ ಹೆಂಗಸರು ತಮ್ಮ ಊರುಗಳ ಸುತ್ತ ಮುಸುಕಿನ ಜೋಳ ಬೆಳೆಯುತ್ತಿದ್ದರು. ದುಡಿದವರದೇ ನೆಲ ಎಂಬ ನ್ಯಾಯ ಅವರವರೆಗೆ ತಲುಪಲೇ ಇಲ್ಲ.