ಮೊಸರು, ತಂಗಳನ್ನ ತಿಂದರೆ ಅಲರ್ಜಿ, ಖಿನ್ನತೆ ವಾಸಿಯಾಗುತ್ತದೆಯೇ?

‘ಬೆಳಗ್ಗೆ ತಂಗಳನ್ನಕ್ಕೆ ಮೊಸರು ಕಲಸಿ ತಿನ್ನಿ. ಅಲರ್ಜಿ ಮಾಯ, ಮನಸ್ಸು ನಿರಾಳ, ಮಾತ್ರೆ ಬೇಕಿಲ್ಲ!’ ಇಂತಹ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ನಿಜ ಎಷ್ಟು?

ಹುದುಗು ಎಂದರೇನು?
ಹಾಲಿಗೆ ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಮೊಸರಿನ ಹುಳಿ ಬರುವುದು ಇದರಿಂದಲೇ. ಇಡ್ಲಿ ಹಿಟ್ಟು ಉಬ್ಬುವುದೂ ಇಂತಹ ಜೀವಿಗಳಿಂದಲೇ. ಆದರೆ ಹಬೆಯಲ್ಲಿ ಬೇಯಿಸಿದಾಗ ಅವು ಸಾಯುತ್ತವೆ. ಮೊಸರು, ಮಜ್ಜಿಗೆಯನ್ನು ಬಿಸಿ ಮಾಡದೆ ತಿನ್ನುವುದರಿಂದ ಅವುಗಳಲ್ಲಿ ಜೀವಂತವಾಗಿರುತ್ತವೆ.

ವಿಜ್ಞಾನ ಹೇಳುವುದೇನು?
ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಅಧ್ಯಯನ 2021ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾಯಿತು. 36 ಆರೋಗ್ಯವಂತರಲ್ಲಿ ಒಂದು ಗುಂಪಿಗೆ 10 ವಾರ ಮೊಸರು, ಕಿಮ್ಚಿಯಂತಹ ಹುದುಗಿದ ಆಹಾರ, ಇನ್ನೊಂದು ಗುಂಪಿಗೆ ನಾರಿನಂಶ ಹೆಚ್ಚಿರುವ ಆಹಾರ ಕೊಡಲಾಯಿತು. ಮೊದಲ ಗುಂಪಿನವರ ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ವೈವಿಧ್ಯ ಹೆಚ್ಚಿತು, ರಕ್ತದಲ್ಲಿ ಉರಿಯೂತ ಸೂಚಿಸುವ 19 ಪ್ರೋಟೀನ್‌ಗಳು ಕಡಿಮೆಯಾದವು. ಇದು ಒಳ್ಳೆಯ ಸುದ್ದಿಯೇ. ಆದರೆ ಅಲ್ಲಿ ಯಾರ ಅಲರ್ಜಿಯನ್ನೂ, ಖಿನ್ನತೆಯನ್ನೂ ಗುಣಪಡಿಸಿಲ್ಲ.

‘ಸಂತೋಷದ ಹಾರ್ಮೋನ್ ಹೊಟ್ಟೆಯಲ್ಲೇ ಇದೆ’ ಎನ್ನುವುದು?
ದೇಹದ ಸುಮಾರು 90% ಸೆರೊಟೋನಿನ್ ತಯಾರಾಗುವುದು ಕರುಳಿನಲ್ಲಿ ಎನ್ನುವುದು ನಿಜ. ಆದರೆ ಅದು ರಕ್ತದಿಂದ ಮಿದುಳಿಗೆ ದಾಟಲಾರದು. ಮಿದುಳು ತನಗೆ ಬೇಕಾದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕರುಳು ಮತ್ತು ಮಿದುಳು ನರಗಳ ಮೂಲಕ ಪರಸ್ಪರ ಸಂಕೇತ ಕಳಿಸುತ್ತವೆ, ಈ ಬಗ್ಗೆ ಸಂಶೋಧನೆ ನಡೆಯುತ್ತಿದೆ. ಅಷ್ಟಕ್ಕೇ ಮೊಸರು ಖಿನ್ನತೆಗೆ ಔಷಧಿಯಾಗುವುದಿಲ್ಲ.

ಎಲ್ಲಿ ಎಚ್ಚರ ಬೇಕು?
* ಹಾಲಿನ ಅಲರ್ಜಿ ಇರುವ ಮಗುವಿಗೆ ‘ಅಭ್ಯಾಸವಾಗಲಿ’ ಎಂದು ಮೊಸರು ಕೊಡಬೇಡಿ. ಅಲರ್ಜಿ ತರುವ ಹಾಲಿನ ಪ್ರೋಟೀನ್ ಮೊಸರಿನಲ್ಲೂ ಇರುತ್ತದೆ. ಉಸಿರು ಕಟ್ಟುವಷ್ಟು ತೀವ್ರ ಪ್ರತಿಕ್ರಿಯೆ ಆಗಬಹುದು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಲ್ಯಾಕ್ಟೋಸ್ ತೊಂದರೆ ಬೇರೆ. ಅಂಥವರಲ್ಲಿ ಅನೇಕರಿಗೆ ಮೊಸರು ಒಗ್ಗುತ್ತದೆ.
* ಹುದುಗಿದ ಕೆಲವು ಆಹಾರಗಳಲ್ಲಿ ಹಿಸ್ಟಮಿನ್ ಹೆಚ್ಚಿರುತ್ತದೆ. ಇದು ಒಗ್ಗದವರಿಗೆ ತುರಿಕೆ, ತಲೆನೋವು, ಮೂಗು ಸೋರುವುದು ಉಂಟಾಗಬಹುದು.
* ಖಿನ್ನತೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆ ಮರುಕಳಿಸಬಹುದು. ಬಿಡಬೇಕೆನಿಸಿದರೆ ವೈದ್ಯರನ್ನು ಕೇಳಿ. ಮನಸ್ಸು ಕುಗ್ಗಿದ್ದರೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಕೊನೆಯ ಮಾತು: ಸಂದೇಶ ಅರ್ಧಸತ್ಯ. ಒಗ್ಗುವವರು ಮೊಸರನ್ನ, ಮಜ್ಜಿಗೆಯನ್ನು ಊಟವಾಗಿ ಸವಿಯಿರಿ, ಮಾತ್ರೆಯ ಬದಲಿಗೆ ಅಲ್ಲ. ‘ಮಾತ್ರೆ ಬೇಕಿಲ್ಲ’ ಎಂಬ ಸಾಲಿರುವ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.