ಮುಖಕ್ಕೆ ಹಚ್ಚಿದ ಅಣಬೆ ಯಾವುದು? ಒಂದು ಸೌಂದರ್ಯ ಪರಂಪರೆಯ ಮರುಪರಿಶೀಲನೆ

ದಣಿದ ಚರ್ಮಕ್ಕೆ, ಸೂಕ್ಷ್ಮ ಚರ್ಮಕ್ಕೆ ಎಂದು ಮಾರುವ ಸೀರಮ್‌ಗಳ ಲೇಬಲ್ಲಿನಲ್ಲಿ ‘ಟ್ರೆಮೆಲ್ಲಾ ಫ್ಯೂಸಿಫಾರ್ಮಿಸ್’ ಎಂಬ ಬಿಳಿ ಅಣಬೆಯ ಹೆಸರು ಈಗ ಮೇಲಿಂದ ಮೇಲೆ ಕಾಣುತ್ತದೆ. ಜಾಹೀರಾತುಗಳು ಅದರ ಮೂಲವನ್ನು ಚೀನಾದ ಟಾಂಗ್ ದೊರೆ ಷುವಾನ್‌ಜೊಂಗ್‌ನ ಪ್ರಿಯೆ ಯಾಂಗ್ ಗುಯ್‌ಫೇಯ (719–756) ಅಂತಃಪುರಕ್ಕೇ ಒಯ್ಯುತ್ತವೆ. ಕಥೆ ಸೊಗಸಾಗಿದೆ, ಚರಿತ್ರೆಯ ಭಾರ ಹೊರುವಷ್ಟು ಗಟ್ಟಿಯಾಗಿಲ್ಲ. ಚೀನೀ ಮನೆಗಳಲ್ಲಿ ಈ ಅಣಬೆಯ ನಿಜವಾದ ಜಾಗ ಅಡುಗೆಮನೆ. ಒಣಗಿದ್ದನ್ನು ನೆನೆಹಾಕಿ, ಕಲ್ಲುಸಕ್ಕರೆ, ಒಣ ಎಲಚಿಹಣ್ಣು ಸೇರಿಸಿ, ಲೋಳೆ ಬಿಡುವವರೆಗೆ ಸಣ್ಣ ಉರಿಯಲ್ಲಿ ಕುದಿಸಿ ಕುಡಿಯುತ್ತಾರೆ.

ಮುಖಕ್ಕೆ ಹಚ್ಚಿದ್ದಕ್ಕೆ ಸ್ಪಷ್ಟ ದಾಖಲೆ ಸಿಗುವುದು ಬೇರೊಂದು ಶಿಲೀಂಧ್ರಕ್ಕೆ. ಅದು ಫುಲಿಂಗ್, ಪೈನ್ ಮರದ ಬೇರಿಗೆ ಅಂಟಿಕೊಂಡು ನೆಲದೊಳಗೆ ಬೆಳೆಯುವ ಗೆಡ್ಡೆ. ಹೊರಗೆ ಒರಟು ಕಂದು ಸಿಪ್ಪೆ, ಒಳಗೆ ಸೀಮೆಸುಣ್ಣದಂಥ ತಿರುಳು. ಕೊಡೆಯೂ ಇಲ್ಲ, ಕಾಂಡವೂ ಇಲ್ಲ. ಚೀನೀ ವೈದ್ಯ ಲಿ ಷಿಜೆನ್ 1578ರಲ್ಲಿ ಬರೆದು ಮುಗಿಸಿದ, 1596ರಲ್ಲಿ ನಾನ್‌ಜಿಂಗ್‌ನಲ್ಲಿ ಅಚ್ಚಾದ ‘ಬೆನ್‌ಚಾವ್ ಗಾಂಗ್‌ಮು’ ಎಂಬ ಔಷಧಗ್ರಂಥದಲ್ಲಿ, ಇನ್ನೂ ಹಳೆಯ ಸಂಗ್ರಹವೊಂದರಿಂದ ಎತ್ತಿಕೊಂಡ ಒಂದು ಲೇಪವಿದೆ. ಬಿಳಿ ಫುಲಿಂಗ್‌ನ ಪುಡಿಯನ್ನು ಜೇನಿನಲ್ಲಿ ಕಲಸಿ, ಮುಖದ ಕಪ್ಪುಕಲೆಗೂ ಬಾಣಂತಿಯರ ಬಂಗಿಗೂ ರಾತ್ರಿ ಹೊತ್ತು ಹಚ್ಚಬೇಕು. ಎರಡು ವಾರದಲ್ಲಿ ಗುಣ. ಇವತ್ತಿನ ‘ನೈಟ್ ಕ್ರೀಮ್’ ಕೊಡುವ ಭರವಸೆಯೂ ಇದೇ ತಾನೆ! ಕೆಲಸ ಮಾಡಿದ್ದು ಅಣಬೆಯೋ ಜೇನೋ ಎಂಬ ಪ್ರಶ್ನೆಯನ್ನು ಗ್ರಂಥ ಎತ್ತುವುದಿಲ್ಲ. ಆದರೂ ಪರಂಪರೆಯ ಹೆಸರಿನಲ್ಲಿ ಮಾರಲೇಬೇಕಿದ್ದರೆ ಆ ಹಕ್ಕು ಮೊದಲು ಫುಲಿಂಗ್‌ನದು.

ಟ್ರೆಮೆಲ್ಲಾದ ವೈಜ್ಞಾನಿಕ ನಾಮಕರಣವಂತೂ ಚೀನಾದಿಂದ ಬಹುದೂರ ನಡೆಯಿತು. ಸಸ್ಯಸಂಗ್ರಾಹಕ ರಿಚರ್ಡ್ ಸ್ಪ್ರೂಸ್ ಬ್ರೆಜಿಲ್‌ನಲ್ಲಿ ಸಂಗ್ರಹಿಸಿದ ಮಾದರಿಗಳನ್ನು ನೋಡಿ 1856ರಲ್ಲಿ ಅದನ್ನು ವರ್ಣಿಸಿದವರು ಇಂಗ್ಲೆಂಡಿನ ಶಿಲೀಂಧ್ರತಜ್ಞ ಮೈಲ್ಸ್ ಜೋಸೆಫ್ ಬರ್ಕ್ಲಿ. ಬೆಳೆಸುವುದು ಮಾತ್ರ ಬಹುಕಾಲ ಅದೃಷ್ಟದ ಆಟವಾಗಿತ್ತು. ಮರದ ದಿಮ್ಮಿಗಳನ್ನು ಸಿದ್ಧಮಾಡಿಟ್ಟು, ಅಣಬೆ ತಾನಾಗಿ ಮೂಡಲೆಂದು ಕಾಯುತ್ತಿದ್ದರು. ಟ್ರೆಮೆಲ್ಲಾ ಮರದೊಳಗಿನ ಇನ್ನೊಂದು ಶಿಲೀಂಧ್ರವನ್ನು ಹೀರಿ ಬದುಕುವ ಪರಾವಲಂಬಿ. ಎರಡನ್ನೂ ಒಟ್ಟಿಗೆ ಬಿತ್ತಬೇಕೆಂದು ಗೊತ್ತಾದ ಮೇಲೆ ಫುಜಿಯಾನ್ ಪ್ರಾಂತದ ಗುಟಿಯಾನ್‌ನಂಥ ಕಡೆ ಅದು ಅಗ್ಗದ ಬೆಳೆಯಾಯಿತು. ಸೌಂದರ್ಯೋದ್ಯಮಕ್ಕೆ ದಾರಿ ಮಾಡಿಕೊಟ್ಟದ್ದು ಅಂತಃಪುರಕ್ಕಿಂತ ಹೆಚ್ಚಾಗಿ ಈ ಕೃಷಿಯೇ ಎಂದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಒರಿಜಿನ್ಸ್ ಕಂಪನಿ ವೈದ್ಯ ಆಂಡ್ರ್ಯೂ ವೀಲ್ ಅವರ ಹೆಸರಿನಲ್ಲಿ 2005ರಲ್ಲಿ ಅಣಬೆ ಸಾರದ ಉತ್ಪನ್ನಗಳನ್ನು ತಂದ ಮೇಲೆ ಪಶ್ಚಿಮದ ದುಬಾರಿ ಅಂಗಡಿಗಳಲ್ಲೂ ಅಣಬೆಗೆ ಮರ್ಯಾದೆ ಬಂತು.

ಹಾಗಾದರೆ ಗುಣವೇ ಇಲ್ಲವೇ? ಇದೆ. ಟ್ರೆಮೆಲ್ಲಾದ ಲೋಳೆ ಗ್ಲುಕುರೋನಿಕ್ ಆಮ್ಲವುಳ್ಳ ದೊಡ್ಡ ಸಕ್ಕರೆ ಸರಪಳಿ. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ದನದ ಕಣ್ಣಿನಿಂದ ಬೇರ್ಪಡಿಸಿದ ಹೈಯಲುರೋನಿಕ್ ಆಮ್ಲದಲ್ಲೂ ಇದೇ ಘಟಕವಿದೆ. ಎರಡೂ ನೀರನ್ನು ಹಿಡಿದಿಡುತ್ತವೆ. ಆದರೆ ಚರ್ಮದ ಮೇಲ್ಪದರವನ್ನು ದಾಟಲು ಅಣುವಿನ ತೂಕ ಸುಮಾರು 500 ಡಾಲ್ಟನ್ನಿನೊಳಗೆ (ಡಾಲ್ಟನ್ ಎಂದರೆ ಅಣುತೂಕದ ಅಳತೆ) ಇರಬೇಕೆಂಬುದು ಸಂಶೋಧಕರಾದ ಬಾಸ್ ಮತ್ತು ಮೈನಾರ್ಡಿ 2000ರಲ್ಲಿ ಮಂಡಿಸಿದ ನಿಯಮ. ಈ ಸರಪಳಿಗಳ ತೂಕ ಲಕ್ಷಗಳಲ್ಲಿದೆ. ಅವು ಮೇಲೆಯೇ ತೆಳು ಪೊರೆಯಾಗಿ ಕೂತು ತೇವ ಆರದಂತೆ ತಡೆಯುತ್ತವೆ. ಬಿರಿದ, ಒಣಗಿದ ಚರ್ಮಕ್ಕೆ ಅದೂ ಉಪಕಾರವೇ. ‘ಆಳಕ್ಕಿಳಿದು ಪುನಶ್ಚೇತನ’ ಎಂಬುದು ಬೇರೆ ಮಾತು.

ಸೂಕ್ಷ್ಮ ಚರ್ಮದವರು ಕೇಳಬೇಕಾದ ಚರಿತ್ರೆ ಶಿಟಾಕೆ ಎಂಬ ಇನ್ನೊಂದು ಅಣಬೆಯದು. ಟೋಕಿಯೋದ ಗೋರೊ ಚಿಹಾರಾ ಮತ್ತು ಸಂಗಡಿಗರು ಅದರಿಂದ ಲೆಂಟಿನಾನ್ ಎಂಬ ಬೀಟಾ-ಗ್ಲುಕಾನ್ (ಇದೂ ಒಂದು ಬಗೆಯ ಸಕ್ಕರೆ ಸರಪಳಿ) ತೆಗೆದು 1969ರಲ್ಲಿ ಪ್ರಕಟಿಸಿದರು. ಮುಂದೆ ಅದು ಜಪಾನಿನಲ್ಲಿ ಕ್ಯಾನ್ಸರ್ ಚಿಕಿತ್ಸೆಯ ಪೂರಕ ಔಷಧವಾಯಿತು. 1977ರಲ್ಲಿ ಜಪಾನಿನದೇ ವೈದ್ಯ ನಾಕಾಮುರಾ, ಹಸಿ ಅಥವಾ ಅರೆಬೆಂದ ಶಿಟಾಕೆ ತಿಂದವರ ಮೈಮೇಲೆ ಚಾಟಿಯಲ್ಲಿ ಬಾರಿಸಿದಂಥ ಕೆಂಪು ಬಾಸುಂಡೆಗಳು ಏಳುವುದನ್ನು ವರದಿ ಮಾಡಿದರು. ಶಂಕೆ ಬಿದ್ದದ್ದು ಅದೇ ಲೆಂಟಿನಾನ್ ಮೇಲೆ. ಚೆನ್ನಾಗಿ ಬೇಯಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೀಗೆ ಒಂದೇ ಅಣಬೆ ಸಂಸ್ಕರಣೆಗೆ ತಕ್ಕಂತೆ ಗುಣ ಬದಲಿಸುತ್ತದೆ. ಸೀರಮ್ ಬಾಟಲಿಯ ಮೇಲಿನ ‘ಎಕ್ಸ್‌ಟ್ರಾಕ್ಟ್’ ಮಾತ್ರ ಸಾರವನ್ನು ಬಿಸಿನೀರಿನಲ್ಲಿ ತೆಗೆದರೋ ಆಲ್ಕೋಹಾಲಿನಲ್ಲೋ, ಅದರಲ್ಲಿ ಉಳಿದ ಅಂಶ ಯಾವುದು, ಎಷ್ಟು ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ.